ಕತ್ತು ಎಷ್ಟು ಬಾಗಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ತಮ್ಮಂದಿರೇ, 1981ರ ‘ಗೀತಾ’ದಲ್ಲಿ ಇಳಯರಾಜಾ, 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಹಚ್ಚಿದ ಹುಚ್ಚು ಇನ್ನೂ ಇಳಿದಿಲ್ಲ, ಗೊತ್ತು! ಎಲೆಕ್ಟ್ರಿಕ್ ಗಿಟಾರನ್ನು ಕೈಯಾರೆ ಮಾಡೇಬಿಡೋಣ ಅಂತ ಬಡಿಗೇರ ಅಣ್ಣನ ಅಂಗಡಿಗೆ ಓಡುವ ಮೊದಲು ಈ ವಾರದ ಮಾತು ಕೇಳಿ. ನೆಕ್ಕಿನ ಕೋನ, ಅಂದರೆ ಗಿಟಾರಿನ ಕತ್ತು ಎಷ್ಟು ಹಿಂದಕ್ಕೆ ಬಾಗಬೇಕು ಅನ್ನೋ ಲೆಕ್ಕ.

ನೆಕ್ಕನ್ನು ಸಪಾಟಾಗಿ ಕೂರಿಸಿ, ಆಮೇಲೆ ಎತ್ತರದ ಬ್ರಿಜ್ ತಂದಿಟ್ಟರೆ ಏನಾಗುತ್ತೆ? ತಂತಿ ಫ್ರೆಟ್ ಬಿಟ್ಟು ಮೇಲೆದ್ದು ನಿಲ್ಲುತ್ತೆ. ಒತ್ತಿ ಒತ್ತಿ ಬೆರಳಿಗೆ ಬೊಬ್ಬೆ, ಸ್ವರವೂ ಅಪಸ್ವರ. ಅಂಟಿಸಿದ ನೆಕ್ ಕೀಳೋಕೆ ಹೋದರೆ ಸಾಗವಾನಿಯೂ ಹೋಯ್ತು, ರೊಕ್ಕವೂ ಹೋಯ್ತು!

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಗಿಬ್ಸನ್ ಕಂಪನಿ 1952ರಲ್ಲಿ ‘ಲೆಸ್ ಪಾಲ್’ ಗಿಟಾರ್ ಬಿಟ್ಟಾಗ ಕತ್ತು ಬಾಗಿದ್ದು ಸಾಲಲಿಲ್ಲ. ತಂತಿಗಳನ್ನು ಬ್ರಿಜ್ಜಿನ ಮೇಲೆ ಹಾಯಿಸುವ ಬದಲು ಅಡಿಯಿಂದ ತೂರಿಸಬೇಕಾಯ್ತು. ಆಮೇಲೆ ಕೋನ ಹೆಚ್ಚಿಸಿದರು. ಫೆಂಡರ್‌ನವರ ದಾರಿಯೇ ಬೇರೆ: ತಗ್ಗಾದ ಬ್ರಿಜ್, ನೇರ ನೆಕ್, ನಾಲ್ಕು ಸ್ಕ್ರೂ. ವ್ಯತ್ಯಾಸ ಬಂದರೆ ಸಂದಿಗೆ ತೆಳು ಚಕ್ಕೆ ಇಟ್ಟರೆ ಮುಗೀತು.

ಈಗ ಲೆಕ್ಕ. ಮೊದಲು ಬ್ರಿಜ್ ಕೊಂಡು ಕೈಯಲ್ಲಿಟ್ಟುಕೊಳ್ಳಿ. ಅದರ ಸ್ಕ್ರೂ ನಡುಮಟ್ಟಕ್ಕೆ ತಂದು ಎತ್ತರ ಅಳೆಯಿರಿ, 17 ಮಿ.ಮೀ. ಬಂತು ಅನ್ನಿ. 12ನೇ ಫ್ರೆಟ್ಟಿನ ಮೇಲೆ ತಂತಿ 2 ಮಿ.ಮೀ. ಎತ್ತರ ಇರಲಿ. ಆ ಫ್ರೆಟ್ ಸರಿಯಾಗಿ ನಡುಮಧ್ಯೆ ಇರೋದರಿಂದ ಬ್ರಿಜ್ಜಿನ ಹತ್ತಿರ ಅದು ದುಪ್ಪಟ್ಟು, ಅಂದರೆ 4. ಹದಿನೇಳರಲ್ಲಿ ನಾಲ್ಕು ಕಳೆದರೆ 13. ನೆಕ್ ಬಾಡಿಗೆ ಸೇರುವಲ್ಲಿ ಬೆರಳುಪಟ್ಟಿ 6, ಫ್ರೆಟ್ 1, ಒಟ್ಟು 7. ಹದಿಮೂರರಲ್ಲಿ ಏಳು ಹೋದರೆ ಉಳಿದದ್ದು 6 ಮಿ.ಮೀ. ಏರು.

ನಟ್‌ನಿಂದ ಬ್ರಿಜ್ಜಿಗೆ 628 ಮಿ.ಮೀ. ಇಟ್ಟು, 16ನೇ ಫ್ರೆಟ್ಟಿನಲ್ಲಿ ನೆಕ್ ಸೇರಿಸಿದರೆ ಅಲ್ಲಿಂದ ಬ್ರಿಜ್ಜಿಗೆ 249. ಆರನ್ನು 249ರಿಂದ ಭಾಗಿಸಿ, 57ರಿಂದ ಗುಣಿಸಿ. ಸುಮಾರು 1.4 ಡಿಗ್ರಿ. ಇಷ್ಟೇ ನೋಡ್ರಿ! ಅದೇ ಬ್ರಿಜ್ 11 ಮಿ.ಮೀ. ಇದ್ದರೆ? 11ರಲ್ಲಿ 4 ಹೋದರೆ 7. ಏರು ಸೊನ್ನೆ, ಕೋನವೂ ಸೊನ್ನೆ.

ವಿಜಯಪುರದಿಂದ ಪಶ್ಚಿಮಕ್ಕೆ ಹೋದರೆ ಸಿತಾರ್-ತಂಬೂರಿ ಮಾಡುವವರ ಊರು ಮಿರಜ್. ಆ ವಾದ್ಯಗಳಿಗೆ 2024ರಲ್ಲಿ ಜಿಐ ಗುರುತೂ ಸಿಕ್ಕಿತು. ಅಲ್ಲಿನ ಕುಶಲಿಗರು ಜವಾರಿ ತೆಗೆಯುವಾಗ ಚೂರು ಉಜ್ಜಿ, ತಂತಿ ಮೀಟಿ, ಕೇಳಿ, ಮತ್ತೆ ಉಜ್ಜುತ್ತಾರೆ. ಅಂಟಿಸಿದ ನೆಕ್ಕಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಹಳೇ ಸಿನಿಮಾ ಪೋಸ್ಟರಿನ ಹಿಂಬದಿಯಲ್ಲಿ ಗಿಟಾರಿನ ಪಕ್ಕನೋಟ ಅಸಲಿ ಅಳತೆಯಲ್ಲೇ ಬರೆಯಿರಿ. ನಟ್‌ನಿಂದ ಬ್ರಿಜ್ಜಿಗೆ ದಾರ ಎಳೆದು ನೋಡಿ. ಕಾಗದದ ಮೇಲೆ ತಪ್ಪಿದರೆ ರಬ್ಬರ್ ಇದೆ, ಕಟ್ಟಿಗೆಯ ಮೇಲೆ ತಪ್ಪಿದರೆ ಒಲೆಯೇ ಗತಿ!

ಮುಂದಿನ ವಾರ: ಫ್ರೆಟ್ ಕೂರಿಸುವ ಅಳತೆ.