ಹೇಳಿಕೊಳ್ಳಲಾಗದ ತುರಿಕೆ

ನೆಗಡಿಯಾದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ತಲೆನೋವು ಬಂದರೆ ನೆರೆಮನೆಗೂ ತಿಳಿಯುತ್ತದೆ. ಆದರೆ ಗುಹ್ಯಭಾಗದಲ್ಲಿ ತುರಿಕೆಯೆದ್ದಾಗ ನಮ್ಮ ಸೋದರಿಯರಲ್ಲಿ ಅನೇಕರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಪತಿಗೆ ಹೇಳಲು ಸಂಕೋಚ, ವೈದ್ಯರಿಗೆ ತೋರಿಸಲು ಅದಕ್ಕಿಂತ ಹೆಚ್ಚು ಸಂಕೋಚ. ಕೊನೆಗೆ ಔಷಧದ ಅಂಗಡಿಯಿಂದ ಯಾವುದೋ ಒಂದು ಮುಲಾಮು ಮನೆಗೆ ಬರುತ್ತದೆ.

ಈ ತುರಿಕೆಗೆ ಬಹಳ ಸಲ ಕಾರಣ ಕ್ಯಾಂಡಿಡ ಎಂಬ ಯೀಸ್ಟ್. ಬೂಷ್ಟಿನ ಬಳಗಕ್ಕೆ ಸೇರಿದ ಈ ಸೂಕ್ಷ್ಮಜೀವಿ ಆರೋಗ್ಯವಂತರ ಬಾಯಿ, ಕರುಳು, ಯೋನಿಗಳಲ್ಲಿಯೂ ಸದ್ದಿಲ್ಲದೆ ವಾಸಿಸುತ್ತದೆ. ಅಲ್ಲಿರುವ ಉಪಕಾರಿ ಬ್ಯಾಕ್ಟೀರಿಯಗಳು ಅದನ್ನು ಹದ್ದಿನಲ್ಲಿಟ್ಟಿರುತ್ತವೆ. ಬೇರಾವುದೋ ಕಾಯಿಲೆಗಾಗಿ ಪ್ರತಿಜೀವಕ ಔಷಧಿ ಸೇವಿಸಿದಾಗ ಈ ಕಾವಲುಗಾರರೇ ಸಾಯುವುದುಂಟು. ಆಗ ಯೀಸ್ಟು ಮಿತಿಮೀರಿ ಬೆಳೆಯುತ್ತದೆ. ಗರ್ಭಿಣಿಯರಿಗೂ ಮಧುಮೇಹಿಗಳಿಗೂ ಇದರ ಕಾಟ ಹೆಚ್ಚು. ಸ್ತ್ರೀಯರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಬರುವ ಈ ಕಾಯಿಲೆಗೆ ನಡತೆಯ ಕಳಂಕ ಹಚ್ಚುವುದು ಶುದ್ಧ ಅಜ್ಞಾನ.

ಹಸುಗೂಸಿನ ನಾಲಗೆಯ ಮೇಲೆ ಹಾಲಿನ ಕೆನೆಯಂತೆ ಅಂಟಿಕೊಂಡು ಒರಸಿದರೂ ಸುಲಭವಾಗಿ ಹೋಗದ ಬಿಳುಪು ಇದರದೇ ಕೆಲಸ. ಕಟ್ಟಿಸಿದ ಹಲ್ಲನ್ನು ರಾತ್ರಿಯೂ ತೆಗೆಯದ ವೃದ್ಧರಲ್ಲಿ, ಉಬ್ಬಸಕ್ಕೆ ಸ್ಟೀರಾಯ್ಡ್ ಔಷಧಿಯನ್ನು ಸೇದಿ ಬಾಯಿ ಮುಕ್ಕಳಿಸದವರಲ್ಲಿ ಸಹ ಇದು ಬಾಯೊಳಗೆ ತಲೆಯೆತ್ತುತ್ತದೆ. ಸ್ತನದ ಅಡಿ, ತೊಡೆಸಂದು, ಸದಾ ನೀರಿನಲ್ಲಿ ಕೈಯಾಡಿಸುವ ಗೃಹಿಣಿಯ ಬೆರಳ ಸಂದು, ಇವೂ ಅದಕ್ಕೆ ಪ್ರಿಯವಾದ ಸ್ಥಳಗಳು. ಪುರುಷರೂ ಹೊರತಲ್ಲ.

ಆದರೆ ಬಿಳಿ ಸೆರಗೆಲ್ಲವೂ ಯೀಸ್ಟಿನದಲ್ಲ. ಮೊಸರಿನ ಗಡ್ಡೆಯಂತಹ, ಹೆಚ್ಚು ವಾಸನೆಯಿಲ್ಲದ ಸ್ರಾವ, ಜೊತೆಗೆ ತುರಿಕೆ, ಉರಿ ಇದ್ದರೆ ಯೀಸ್ಟಿನ ಸಂದೇಹ ಬಲವಾಗುತ್ತದೆ. ಮೀನಿನ ವಾಸನೆಯ ತೆಳುವಾದ ಸ್ರಾವ ಬ್ಯಾಕ್ಟೀರಿಯಗಳ ಏರುಪೇರನ್ನು ಸೂಚಿಸಬಹುದು. ನೊರೆನೊರೆಯಾದ ಹಳದಿ-ಹಸಿರು ಸ್ರಾವಕ್ಕೆ ಟ್ರೈಕೊಮೊನಾಸ್ ಎಂಬ ಬೇರೆ ಜೀವಿ ಕಾರಣವಾಗಿರಬಹುದು. ಆಗ ಪತಿಗೂ ಚಿಕಿತ್ಸೆ ಆಗಬೇಕು. ಈ ಲಕ್ಷಣಗಳು ಒಂದರೊಳಗೊಂದು ಬೆರೆಯುವುದರಿಂದ ತಾವೇ ರೋಗನಿರ್ಣಯ ಮಾಡಿಕೊಂಡವರಲ್ಲಿ ಬಹುಮಂದಿ ತಪ್ಪುತ್ತಾರೆ. ವೈದ್ಯರು ಮಾಡುವ ಪರೀಕ್ಷೆಯಾದರೋ ಬಲು ಸರಳ. ಹತ್ತಿಯ ಕಡ್ಡಿಯಿಂದ ಸ್ವಲ್ಪ ಸ್ರಾವ ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ತೊಟ್ಟು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಮ್ಮ ಜೀವಕೋಶಗಳು ಕರಗಿ, ಯೀಸ್ಟಿನ ಮೊಗ್ಗುಗಳೂ ಎಳೆಗಳೂ ಉಳಿಯುತ್ತವೆ. ಅಲ್ಲಿ ಕಾಣದಿದ್ದರೂ ಸಂದೇಹವಿದ್ದರೆ ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡುವುದುಂಟು.

ಇದಕ್ಕೆ ಮದ್ದು ದೊರೆತ ಕಥೆ ಸ್ವಾರಸ್ಯವಾದುದು. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು, ಒಬ್ಬರು ನ್ಯೂಯಾರ್ಕಿನಲ್ಲಿ, ಮತ್ತೊಬ್ಬರು ಆಲ್ಬನಿಯಲ್ಲಿ ಕುಳಿತು, ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತ ಸಂಶೋಧನೆ ನಡೆಸಿದರು. ಸ್ನೇಹಿತರ ಹೈನುಗಾರಿಕೆಯ ಜಮೀನಿನಿಂದ ತಂದ ಮಣ್ಣಿನಲ್ಲಿ ಅವರಿಗೆ ದೊರೆತ ಔಷಧಿಯೇ 1950ರಲ್ಲಿ ಪ್ರಕಟವಾದ ನಿಸ್ಟಾಟಿನ್. ಅದರಿಂದ ಬಂದ ರಾಯಧನವನ್ನು ಅವರು ವೈಜ್ಞಾನಿಕ ಸಂಶೋಧನೆಗೆ ಬಿಟ್ಟುಕೊಟ್ಟರು. ಈಗ ಹೆಚ್ಚಾಗಿ ಕ್ಲೋಟ್ರಿಮಜೋಲ್ ಮುಲಾಮು, ಒಳಗಿಡುವ ಗುಳಿಗೆ, ಅಥವಾ 150 ಮಿಲಿಗ್ರಾಂ ಫ್ಲುಕೋನಜೋಲ್ ಒಂದೇ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರಿಗೆ ನುಂಗುವ ಈ ಮಾತ್ರೆ ಸಲ್ಲದು. ಒಳಗಿಡುವ ಔಷಧಿಯನ್ನು ಏಳು ದಿನ ಬಳಸುವುದು ರೂಢಿ.

ಇನ್ನು ಆ ಅಂಗಡಿಯ ಮುಲಾಮು. ಕೇಳಿದೊಡನೆ ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧಿಯೊಡನೆ ತೀಕ್ಷ್ಣವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ದಿನವೇ ತುರಿಕೆ ಅಡಗುತ್ತದೆ, ಬಿಟ್ಟೊಡನೆ ಮರುಕಳಿಸುತ್ತದೆ. ಮತ್ತೆ ಮತ್ತೆ ಹಚ್ಚಿದಂತೆ ಚರ್ಮ ತೆಳುವಾಗುತ್ತ ಹೋಗುತ್ತದೆ. ಕ್ರಿಮಿನಾಶಕ ದ್ರಾವಣದಿಂದ ಒಳಗೆಲ್ಲ ತೊಳೆಯುವ ಅಭ್ಯಾಸವೂ ಇಂಥದೇ ಅಪಾಯ.

ವರ್ಷದಲ್ಲಿ ಮೂರು ನಾಲ್ಕು ಬಾರಿ ಈ ಕಾಯಿಲೆ ಮರಳಿ ಬಂದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಲೇಬೇಕು. ಮಧುಮೇಹವಿದೆಯೆಂದು ಮೊದಲು ಗೊತ್ತಾಗುವುದು ಎಷ್ಟೋ ಬಾರಿ ಈ ತುರಿಕೆಯಿಂದಲೇ. ಬಾಯಿ ಮುಚ್ಚಿಕೊಂಡಿದ್ದ ತಿಂಗಳುಗಳಲ್ಲಿ ಅದು ಕಣ್ಣು, ಮೂತ್ರಪಿಂಡಗಳಿಗೆ ಹಾನಿ ಮಾಡುತ್ತಿರಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರದೂಡುವ ಡಾಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳಿಂದಲೂ ಯೀಸ್ಟು ಹೆಚ್ಚುವುದರಿಂದ, ಅವನ್ನು ಸೇವಿಸುವವರು ವೈದ್ಯರಿಗೆ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಹುದುಗಿದ ಹಿಟ್ಟಿನ ಇಡ್ಲಿ, ದೋಸೆ ಬಿಡಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಆವಿಯಲ್ಲಿ ಬೆಂದ ಇಡ್ಲಿಗೂ ಈ ಕಾಯಿಲೆಗೂ ಸಂಬಂಧವಿಲ್ಲ.