ಮರೆವಿಗೆ ವಯಸ್ಸೇ ಕಾರಣವೆಂದು ಮನೆಯಲ್ಲೇ ತೀರ್ಮಾನಿಸಬೇಡಿ

ಬನಶಂಕರಿ ಎರಡನೇ ಹಂತದಲ್ಲಿ ನಮ್ಮದೊಂದು ಮೆಡಿಕಲ್ ಶಾಪ್. ಬರುವವರಲ್ಲಿ ಹೆಚ್ಚಿನವರು ಹಿರಿಯರು. ಮಕ್ಕಳು ಬೆಳ್ಳಂದೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಹಾಗಾಗಿ ಹಿರಿಯರಿಗೆ ಮರೆವು ಶುರುವಾದದ್ದು ಎಷ್ಟೋ ಸಲ ಮನೆಯವರಿಗಿಂತ ಮೊದಲು ನಮಗೇ ಗೊತ್ತಾಗುತ್ತದೆ.

ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ನಾನು ಕಂಪ್ಯೂಟರಿನಲ್ಲಿ ಬಿಲ್ ಹಾಕುವಷ್ಟರಲ್ಲಿ ರಿಯಾಯಿತಿ ಕಳೆದು ಮೊತ್ತ ಹೇಳಿಬಿಡುತ್ತಿದ್ದವರು. ಕಳೆದ ವರ್ಷ ಒಂದು ದಿನ ಬಿಲ್ ನೋಡಿದರು, ನೋಟುಗಳನ್ನು ತಿರುವಿ ಹಾಕಿದರು, ಕೊನೆಗೆ ಪರ್ಸನ್ನೇ ಕೌಂಟರಿನ ಮೇಲಿಟ್ಟು "ಎಷ್ಟಾಗುತ್ತೋ ನೀನೇ ತಗೊಳಮ್ಮ" ಅಂದರು. ಅದೇ ವಾರ ಕೊಂಡಿದ್ದ ಶುಗರ್ ಮಾತ್ರೆಯನ್ನು ಮತ್ತೆ ಕೇಳಿದ್ದರು. ಮಗನಿಗೆ ಫೋನ್ ಮಾಡಿದೆ. "ಎಪ್ಪತ್ತೈದಾಯ್ತಲ್ಲ ಮೇಡಂ, ಅರಳು ಮರಳು" ಎಂದರು.

ನನಗೆ ಸಂಕಟವಾಗುವುದು ಈ ಮಾತಿಗೇ. ಮಂಡಿ ನೋವೆಂದರೆ ತಕ್ಷಣ ಎಕ್ಸ್‌ರೇ ತೆಗೆಸುವ ಮನೆಯವರು, ಲೆಕ್ಕ ತಪ್ಪುತ್ತಿದೆಯೆಂದರೆ ವಯಸ್ಸೆಂದು ಸುಮ್ಮನಾಗುತ್ತಾರೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಜೀವನಪೂರ್ತಿ ಮಾಡಿದ ಕೆಲಸವೇ ಕೈಗೆ ಹತ್ತದಿರುವುದು, ದಿನಾ ಓಡಾಡುವ ಬೀದಿಯಲ್ಲೇ ದಾರಿ ತಪ್ಪುವುದು ಹಾಗಲ್ಲ. ಅದಕ್ಕೆ ಪರೀಕ್ಷೆ ಆಗಲೇಬೇಕು.

ಮರೆವೆಲ್ಲ ಅಲ್ಝೈಮರ್ ಅಲ್ಲ. ಥೈರಾಯ್ಡ್, ಸೋಡಿಯಂ ಇಳಿಕೆ, ಖಿನ್ನತೆ, ಬಚ್ಚಲಲ್ಲಿ ಜಾರಿ ಬಿದ್ದಮೇಲೆ ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ಇವೂ ಬುದ್ಧಿಯನ್ನು ಮಂಕು ಮಾಡುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ವಿಟಮಿನ್ ಬಿ12 ಕೊರತೆಯೂ ಹಾಗೆಯೇ, ಸಸ್ಯಾಹಾರಿ ಮನೆಗಳಲ್ಲಿ ಅದು ಸಾಮಾನ್ಯ. ಶುಗರ್‌ಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇನ್ನೂ ಇಳಿಯಬಹುದು. ಔಷಧಿ ಮಾರುವವಳಾಗಿ ಇನ್ನೊಂದನ್ನು ಹೇಳಲೇಬೇಕು: ನಿದ್ದೆ ಮಾತ್ರೆ. ಆಲ್‌ಪ್ರಜೋಲಾಮ್ ಬರೆದ ಹಳೇ ಚೀಟಿ ಹಿಡಿದು ಬರುವ ಹಿರಿಯರಿಗೆ ಇಲ್ಲವೆನ್ನಲು ಮನಸ್ಸು ಬಾರದು, ಆದರೂ ಅನ್ನಲೇಬೇಕು. ನೆಗಡಿಯೆಂದು ಕೊಳ್ಳುವ, ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ ಕೂಡ ವಯಸ್ಸಾದವರಲ್ಲಿ ಮಂಪರು, ಗೊಂದಲ ತರುತ್ತದೆ.

ಕೊನೆಗೆ ಪರೀಕ್ಷೆ ಮಾಡಿಸಿದಾಗ ಮೇಷ್ಟ್ರ ಬಿ12 ತೀರಾ ಕಡಿಮೆಯಿತ್ತು. ಇಂಜೆಕ್ಷನ್ ಶುರುವಾದ ಕೆಲವು ತಿಂಗಳಲ್ಲಿ ಚುರುಕು ಬಹುಮಟ್ಟಿಗೆ ಮರಳಿತು. ಎಲ್ಲರಿಗೂ ಹೀಗಾಗುವುದಿಲ್ಲ. ಯಡಿಯೂರಿನಿಂದ ಬರುವ ಅಜ್ಜಿಯೊಬ್ಬರಿಗೆ ಅಲ್ಝೈಮರ್ ಎಂದೇ ಡಾಕ್ಟರು ಹೇಳಿದರು. ಬೇಗ ಗೊತ್ತಾದ್ದರಿಂದ ಬ್ಯಾಂಕಿನ ಕೆಲಸ, ಮನೆಪತ್ರಗಳನ್ನೆಲ್ಲ ಅವರೇ ತಿಳಿದು ಸಹಿ ಹಾಕಿದರು. "ಆಗಲೇ ಹೇಳಿದ್ನಲ್ಲಮ್ಮ" ಎಂದು ಮಗಳು ಗದರುವುದು ನಿಂತಿದೆ. ಇದು ಸಣ್ಣ ಲಾಭವಲ್ಲ.

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಅಲ್ಝೈಮರ್ ಸೇರಿದಂತೆ ಮರೆಗುಳಿ ಕಾಯಿಲೆಗಳು) ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ನೆಂಟರಿಗೆ ತಿಳಿದೀತೆಂದು ಮುಚ್ಚಿಡುವ ಕಾಯಿಲೆ ಇದಲ್ಲ. ನಮ್ಮ ಭಾಗದವರು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಹಾನ್ಸ್ ಹತ್ತಿರವೇ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯ ಮೊದಲ ಕ್ಲಿನಿಕ್‌ಗಳಲ್ಲಿ ಜಯನಗರ ಜನರಲ್ ಆಸ್ಪತ್ರೆಯದೂ ಒಂದು. ನನ್ನ ಗಿರಾಕಿಗಳಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ಬಡಾವಣೆಯಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿ.ಪಿ. ನೋಡುವಾಗಲೇ ನೆನಪು ಮತ್ತು ಕಿವಿಯ ಪರೀಕ್ಷೆಯನ್ನೂ ಮಾಡುವಂತಾಗಬೇಕು. ಕಿವಿ ಕೇಳಿಸದಿರುವುದು ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ ಕಾರಣಗಳಲ್ಲೊಂದೆಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರ ವರದಿಯಲ್ಲೂ ಹೇಳಿದೆ.

ಅಪ್ಪ ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ನೆಗಡಿಯದ್ದು, ನಿದ್ದೆಯದ್ದು ಯಾವುದನ್ನೂ ಬಿಡಬೇಡಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಲೂ ಬೇಡಿ. ನಿದ್ದೆ ಮಾತ್ರೆಯನ್ನು ಡಾಕ್ಟರೇ ಹಂತ ಹಂತವಾಗಿ ಇಳಿಸಬೇಕು.