ಫೋನಿಗೆ ಯಾಕ ಬೇಕು ಗಡಿ?

ನಮ್ಮೂರ ಕಟ್ಟಿ ಮ್ಯಾಲ ಕುಂತ ಹುಡುಗರು ಒಂದು ಮಾತು ಪದೇ ಪದೇ ಹೇಳತಾರ: "ಸರಕಾರದ ಕೈಯಾಗ ಇದ್ದಾಗ ಫೋನು ಸಾಹುಕಾರರ ಮನಿಗೆ ಅಷ್ಟ ಇತ್ತು. ಖಾಸಗಿಯವರು ಬಂದರು, ನಮ್ಮ ಕಿಸೆಕ ಫೋನು ಬಂತು. ಇನ್ನ ಸರಕಾರಿ ಕಂಪನಿ ಯಾಕ ಬೇಕು?" ಈ ಮಾತಿನೊಳಗ ಅರ್ಧ ಖರೆ ಐತಿ. ಉಳಿದ ಅರ್ಧ ಯಾರೂ ಹೇಳಂಗಿಲ್ಲ. ಹರದೇಶಿ-ನಾಗೇಶಿ ಹಾಡಿಕೆಯೊಳಗ ಸವಾಲು ಕೇಳಿಸಿಕೊಂಡು ಜವಾಬು ಕೊಡದೆ ಎದ್ದು ಹೋದರೆ ಹಾಡುಗಾರನಿಗೆ ಮರ್ಯಾದಿ ಇಲ್ಲ. ಅದಕ್ಕೇ ಏಳನೆತ್ತೆ ಕಲಿತ ನಾನು ಈ ಜವಾಬು ಬರೆದಿದ್ದೇನೆ.

ಖರೆ ಇದ್ದದ್ದನ್ನು ಮೊದಲು ಹೇಳತೀನಿ. ಒಬ್ಬರದೇ ಕಾರಬಾರು ಇದ್ದಾಗ ಜನ ಲೈನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ದೂರದ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕುಂತಿರಬೇಕಾಗಿತ್ತು. 1994ರ ಟೆಲಿಕಾಂ ನೀತಿ ಬಂದ ಮ್ಯಾಲ ಖಾಸಗಿಯವರಿಗೆ ಬಾಗಿಲು ತೆರೆಯಿತು. 1995ರಲ್ಲಿ ಮೊಬೈಲ್ ಶುರುವಾದಾಗ ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು. 2003ರ ಮೇ ತಿಂಗಳಿಂದ ಅದು ನಿಂತಿತು. ಪೈಪೋಟಿಯಿಂದ ದರ ಇಳಿಯಿತು. ಇದನ್ನು ಇಲ್ಲ ಅನ್ನುವವನು ಸುಳ್ಳು ಹೇಳಿದಂಗ.

ಆದರೆ ಹಳ್ಳಿಗೆ ಫೋನು ತಂದವರು ಯಾರು? 1984ರಲ್ಲಿ ಸರಕಾರ ಸಿ-ಡಾಟ್ ಅನ್ನುವ ಸಂಸ್ಥೆ ಕಟ್ಟಿತು. ಅಲ್ಲಿಯ ಎಂಜಿನಿಯರುಗಳು ನಮ್ಮ ಬಿಸಿಲು, ನಮ್ಮ ಧೂಳು ತಾಳಿಕೊಳ್ಳುವ, ಎ.ಸಿ. ಇಲ್ಲದೆ ನಡೆಯುವ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಅದನ್ನು 1986ರಲ್ಲಿ ಮೊದಲು ಹಚ್ಚಿದ್ದು ಎಲ್ಲಿ ಗೊತ್ತೇನು? ಚೆನ್ನಮ್ಮನ ಕಿತ್ತೂರಿನಲ್ಲಿ. ಆಗ ಖಾಸಗಿಯವರ ಹೆಸರೂ ಇದ್ದಿಲ್ಲ. 1994ರ ನೀತಿಯೊಳಗ 1997ರ ಹೊತ್ತಿಗೆ ಎಲ್ಲಾ ಹಳ್ಳಿಗೂ ಫೋನು ಅಂತ ಬರೆದಿದ್ದರು. ಲೈಸೆನ್ಸ್ ಪಡೆದ ಖಾಸಗಿಯವರಿಗೂ ಹಳ್ಳಿಯೊಳಗ ಸಾರ್ವಜನಿಕ ಫೋನು ಹಾಕುವ ಕರಾರು ಇತ್ತು. ಕರಾರು ಕಾಗದದಾಗ ಉಳಿಯಿತು, ಕಂಬ ಹುಗಿಯುವ ಕೆಲಸ ಸರಕಾರಿ ಇಲಾಖೆಯ ತಲಿ ಮ್ಯಾಲೇ ಬಿತ್ತು. ಆ ಇಲಾಖೆಯನ್ನೇ 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಕಂಪನಿ ಮಾಡಿದರು. ರೊಕ್ಕ ಹುಟ್ಟುವ ದಿಲ್ಲಿ, ಮುಂಬಯಿ ಎರಡನ್ನೂ 1986ರಲ್ಲೇ ಎಂಟಿಎನ್‌ಎಲ್ ಅಂತ ಬೇರೆ ಮಾಡಿ ಇಟ್ಟಿದ್ದರು. ಮನಿ ಪಾಲು ಮಾಡುವಾಗ ನೀರಾವರಿ ಹೊಲ ಒಬ್ಬನಿಗೆ, ಮಡ್ಡಿ ಹೊಲ ಒಬ್ಬನಿಗೆ ಕೊಟ್ಟಂಗಾಯಿತು.

ಇನ್ನ ನಮ್ಮ ಗಡಿಯವರ ಮಾತಿಗೆ ಬರತೀನಿ. ಲೈಸೆನ್ಸ್ ಕೊಡುವಾಗ ದೇಶವನ್ನು ಸರ್ಕಲ್ ಅಂತ ತುಂಡು ಮಾಡಿದರು. ಈಗ 22 ಸರ್ಕಲ್ ಅದಾವ. ದೊಡ್ಡ ಪಟ್ಟಣ ಬಿಟ್ಟರೆ ಬಹುತೇಕ ರಾಜ್ಯದ ಗಡಿಯೇ ಸರ್ಕಲ್ಲಿನ ಗಡಿ. ಜತ್ತ ತಾಲೂಕಿನ ನಾವು ಮಹಾರಾಷ್ಟ್ರ ಸರ್ಕಲ್, ಮಗ್ಗಲದ ವಿಜಯಪುರ ಜಿಲ್ಲೆ ಕರ್ನಾಟಕ ಸರ್ಕಲ್. ನಮ್ಮ ಬೀಗರು ಅಲ್ಲಿ, ನಮ್ಮ ಸಂತಿ ಚಡಚಣದಾಗ, ನಮ್ಮ ಜಾತ್ರಿ ಎರಡೂ ಕಡೆ. ಹೊಲಕ್ಕೆ ಗಡಿ ಕಲ್ಲು ಐತಿ, ಗಾಳಿಗೆ ಇಲ್ಲ. ಮೂಡಣ ದಿಕ್ಕಿನ ಹೊಲಕ್ಕೆ ಹೋದರೆ ಫೋನು ಆಚೆ ರಾಜ್ಯದ ಟವರ್ ಹಿಡಿಯುತ್ತಿತ್ತು. ನನ್ನ ಹೊಲದೊಳಗ ನಾನು ನಿಂತಿದ್ದರೂ ಕಂಪನಿಯ ಲೆಕ್ಕದಾಗ ಪರದೇಶಿ! ಹಾಡಿಕೆಗೆ ಕರೆಯುವ ಫೋನು ಬಂದರೆ ರೋಮಿಂಗ್ ಅಂತ ದುಡ್ಡು ಕಟ್. ಬ್ಯಾಲೆನ್ಸ್ ಮುಗಿದರೆ ಮಾತು ಅರ್ಧಕ್ಕೇ ಕಟ್. ನನ್ನಂಥವರು ಕಿಸೆದಾಗ ಎರಡು ಸಿಮ್ಮು ಇಟ್ಟುಕೊಂಡು ಎರಡಕ್ಕೂ ರಿಚಾರ್ಜ್ ಹಾಕಿದಿವಿ. ಒಳ ನಾಡಿನವರಿಗೆ ಪೈಪೋಟಿಯ ಲಾಭ, ಗಡಿಯವರಿಗೆ ಎರಡೆರಡು ಖರ್ಚು.

ಗಡಿ ನೋಡದೆ ಮತ್ತ ಹೆಂಗ ಹಂಚಬೇಕಿತ್ತು ಅಂತ ಕೇಳಬಹುದು. ಅದಕ್ಕ ಅಮೆರಿಕದ ಉದಾಹರಣಿ ಐತಿ. ಅಲ್ಲಿ ಎಟಿ ಅಂಡ್ ಟಿ ಅನ್ನುವ ಒಂದೇ ಕಂಪನಿಯದು ಕಾರಬಾರು ಇತ್ತು. 1974ರಲ್ಲಿ ಅಲ್ಲಿಯ ಸರಕಾರವೇ ಅದರ ಮ್ಯಾಲ ದಾವೆ ಹೂಡಿತು. 1984ರ ಜನವರಿ 1ಕ್ಕೆ ಅದರ ಊರು-ಸೀಮೆಯ ಫೋನಿನ ವ್ಯವಹಾರವನ್ನು ಏಳು ಪ್ರಾದೇಶಿಕ ಕಂಪನಿಗಳಿಗೆ ಹಂಚಿದರು. ಹೆರಾಲ್ಡ್ ಗ್ರೀನ್ ಅನ್ನುವ ನ್ಯಾಯಾಧೀಶರ ಮುಂದೆ ಆದ ಈ ಹಂಚಿಕೆಯೊಳಗ ಸುಮಾರು 160 ವಲಯ ಗುರುತು ಮಾಡಿದರು. ಯಾವ ಊರಿನ ಜನ ಯಾವ ಊರಿನ ಸಂಗಡ ಕೊಡು-ಕೊಳ್ಳುವ ವ್ಯವಹಾರ ಇಟ್ಟಾರ ಅನ್ನುವುದನ್ನು ನೋಡಿದರು. ಹೆಚ್ಚಿನ ವಲಯ ರಾಜ್ಯದ ಒಳಗೇ ಇದ್ದರೂ, ಜನರ ಬಳಕೆ ಗಡಿ ದಾಟಿದ ಕಡೆ ಕೆಲವು ವಲಯ ಕೂಡ ಗಡಿ ದಾಟಿದವು. ಅವರಿಗೆ ಆಗುವ ಕೆಲಸ ನಮ್ಮವರಿಗೆ ಯಾಕ ಆಗಲಿಲ್ಲ? ನಕಾಶೆ ನೋಡಿದರು, ಸಂತಿ ನೋಡಲಿಲ್ಲ.

ಅದೇ ಅಮೆರಿಕದ ಕಥಿ ಇನ್ನೊಂದು ಎಚ್ಚರಿಕಿ ಕೊಡತೈತಿ. ಆ ಏಳರೊಳಗ ಒಂದು ಟೆಕ್ಸಾಸ್ ಸೀಮೆಯ ಸೌತ್‌ವೆಸ್ಟರ್ನ್ ಬೆಲ್. ಅದು 1997ರಲ್ಲಿ ಒಂದು ತಂಗಿ ಕಂಪನಿ ಕೊಂಡಿತು, 1999ರಲ್ಲಿ ಇನ್ನೊಂದು. 2005ರಲ್ಲಿ ತಾಯಿ ಕಂಪನಿ ಎಟಿ ಅಂಡ್ ಟಿಯನ್ನೇ ಕೊಂಡು ಅದರ ಹೆಸರು ಇಟ್ಟುಕೊಂಡಿತು. ಮಗಳು ತವರುಮನಿಯನ್ನೇ ಖರೀದಿ ಮಾಡಿದಂಗ! ಏಳರಲ್ಲಿ ಆರು ಕಡೀಕ ಎರಡೇ ಮನಿ ಸೇರಿದುವು. ನಮ್ಮಲ್ಲೂ ಹತ್ತು-ಹನ್ನೆರಡು ಕಂಪನಿ ಬಂದವು, ಉಳಿದದ್ದು ಮೂರು ಖಾಸಗಿ ಮತ್ತು ಸರಕಾರಿಯವು. 2024ರ ಜುಲೈದಾಗ ಆ ಮೂರೂ ಖಾಸಗಿಯವರು ಒಬ್ಬರ ಹಿಂದೆ ಒಬ್ಬರು ದರ ಏರಿಸಿದಾಗ ಜನ ಓಡಿ ಬಂದದ್ದು ಬಿಎಸ್‌ಎನ್‌ಎಲ್ ಕಡೆ. ಮನಿಮನಿಗೆ ಬೋರು ಬಂದರೂ ಊರ ಬಾವಿ ಮುಚ್ಚಬಾರದು ಅಂತ ಹಿರಿಯರು ಇದಕ್ಕೇ ಹೇಳತಿದ್ದರು. ಗಡಿಯವರ ಮಟ್ಟಿಗಂತೂ 2015ರ ಜೂನ್‌ದಾಗ ದೇಶದೊಳಗ ರೋಮಿಂಗ್‌ನಲ್ಲಿ ಬಂದ ಕರೆ ಪುಕ್ಕಟೆ ಮಾಡಿದ್ದು ಇದೇ ಬಿಎಸ್‌ಎನ್‌ಎಲ್.

"ಅದರ ರೇಂಜೇ ಸಿಗಂಗಿಲ್ಲಲ್ಲ" ಅಂತೀರಿ. ಹೌದು, ಸಿಗಂಗಿಲ್ಲ. ಆದರೆ ಯಾಕ? ದೇಶದೊಳಗ 4ಜಿ ಶುರುವಾದದ್ದು 2012ರಲ್ಲಿ. ಬಿಎಸ್‌ಎನ್‌ಎಲ್ ತನ್ನ 4ಜಿಯನ್ನು ದೇಶದ ತುಂಬ ತೆರೆದದ್ದು 2025ರಲ್ಲಿ. ನಡುವೆ 2020ರ ಜನವರಿಯಲ್ಲಿ ಒಂದೇ ಸಲ 78,000ಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದು ಹೊರಗ ಹೋದರು. ಲೈನ್‌ಮನ್ ಇಲ್ಲದ ಲೈನು ಯಾರು ನೋಡಬೇಕು? ಎತ್ತಿನ ಕಾಲು ಕಟ್ಟಿ ಓಟಕ್ಕ ಬಿಟ್ಟು, ಎತ್ತು ಸೋತಿತು ಅಂತ ಚಪ್ಪಾಳಿ ತಟ್ಟುವುದು ನ್ಯಾಯ ಅಲ್ಲ.

ಹಂಗಾದರೆ ಹಳ್ಳಿಗೆ ಖರ್ಚು ಮಾಡಲು ದುಡ್ಡು ಇಲ್ಲವೇ? ಐತಿ. 2002ರಿಂದ ಎಲ್ಲಾ ಕಂಪನಿಗಳ ಆದಾಯದಾಗ ನೂರಕ್ಕೆ ಐದರಂತೆ ತೆಗೆದು ಹಳ್ಳಿ-ಗುಡ್ಡಗಾಡಿನ ಸೇವೆಗೆ ಅಂತ ಒಂದು ನಿಧಿ ಇಟ್ಟಾರ. 2023ರ ಕಾಯಿದೆಯೊಳಗ ಅದಕ್ಕ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು ಬದಲಿ ಮಾಡಿದರು. ಅದು ಯಾರದೋ ದಾನ ಅಲ್ಲ. ನಾವು ಹಾಕಿದ ರಿಚಾರ್ಜಿನ ಪಾಲು ಅದು. ಆ ಪಾಲು ಕೇಳುವುದು ಭಿಕ್ಷೆ ಹೆಂಗಾದೀತು?

ರೋಮಿಂಗಿನ ದುಡ್ಡು ಹೋಯಿತು, ಗಡಿ ಇನ್ನೂ ಹೋಗಿಲ್ಲ. ಫೋನು ಕೆಟ್ಟಿತು ಅಂತ ದೂರು ಕೊಡಲು ನಂಬರ್ ಹಚ್ಚಿದರೆ ಮರಾಠಿ, ಹಿಂದಿ, ಇಂಗ್ಲಿಷ್ ಕೇಳತೈತಿ. ಕನ್ನಡಕ್ಕೆ ಒತ್ತುವ ಅಂಕಿಯೇ ಇಲ್ಲ. ಮರಾಠಿ ನಮಗ ಬರತೈತಿ, ಅದರ ಮ್ಯಾಲ ಸಿಟ್ಟೂ ಇಲ್ಲ. ಆದರೆ ಓದು ಬಾರದ ನಮ್ಮ ಅವ್ವಂದಿರು, ಅಕ್ಕಂದಿರು ಆ ಕಡೆಯ ದನಿ ಕೇಳಿ ಸುಮ್ಮನೆ ಫೋನು ಇಡತಾರ. ಭಾಷೆ ಸರ್ಕಲ್ಲಿಗೆ ಸೇರಿದ್ದಲ್ಲ, ಮಾತಾಡುವ ಮನುಷ್ಯನಿಗೆ ಸೇರಿದ್ದು.

ಆದಕಾರಣ ಮೂರು ಬೇಡಿಕೆ. ಸಿಮ್ಮು ಯಾವ ಸರ್ಕಲ್ಲಿನದೇ ಇರಲಿ, ಕನ್ನಡ ಬೇಕೆಂದವನಿಗೆ ಕನ್ನಡದ ದನಿ ಸಿಗಬೇಕು. ಗಡಿ ಊರಿನ ರೇಂಜನ್ನು ಎರಡೂ ಸರ್ಕಲ್ಲಿನವರು ಕೂಡಿ ಅಳೆದು, ನಿಧಿಯ ದುಡ್ಡಿನಿಂದ ಟವರ್ ಹಾಕಬೇಕು. ಬಿಎಸ್‌ಎನ್‌ಎಲ್ ಅನ್ನು ಬಲಪಡಿಸಬೇಕು, ಸಾಯಲು ಬಿಡಬಾರದು. ಮಾಸ್ತರ ಮಂದಿ ಇದನ್ನು ಮರಾಠಿ, ಇಂಗ್ಲಿಷ್ ಎರಡರಲ್ಲೂ ಅರ್ಜಿ ಮಾಡಿ ಬರೆದುಕೊಡಲಿ. ಊರೂರು ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುವ ಕೆಲಸ ನನ್ನದು. ಹಾಡಿಕೆಗೆ ಹೋದ ಊರಿಗೆಲ್ಲ ಈ ಸಲ ಡಪ್ಪಿನ ಜೋಡಿ ಅರ್ಜಿಯೂ ಬರತೈತಿ.